ಬಂದೂಕು ಲೈಸನ್ಸ್ ಮತ್ತು ಸ್ಥಳೀಯ ಕಚೇರಿಗಳು: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳೆ ಕಾಯಲು ಕೇಪಿನ ಬಂದೂಕು (ನಳಿಕೆಯ ಬಾಯಿಯಿಂದ ಮದ್ದು ತುಂಬುವಂಥದ್ದು) ಇಟ್ಟುಕೊಂಡ ರೈತರು, ಮನೆ ರಕ್ಷಣೆಗೆ ಡಬಲ್ ಬ್ಯಾರಲ್ ಇಟ್ಟವರು, ಅಜ್ಜನ ಕಾಲದ ಬಂದೂಕಿಗೆ ವಾರಸುದಾರರಾದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತು ಮೊದಲೇ ಇರಲಿ. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ, ಲೈಸನ್ಸಿನ ಮೇಲೆ ಸಿಗುವ ಅನುಮತಿ. ಆದರೆ ಆ ಅನುಮತಿ ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ದಾರಿ ಹಾಕಿಕೊಟ್ಟಿವೆ. ಅಧಿಕಾರಿಯೂ ಆ ದಾರಿಯಲ್ಲೇ ನಡೆಯಬೇಕು.

ಲೈಸನ್ಸ್ ವಿಷಯದಲ್ಲಿ ನಿಜವಾದ ಅಧಿಕಾರ ಯಾರದು? ಪಿಎಸ್‌ಐ ಸಾಹೇಬರು "ನಿನ್ನ ಲೈಸನ್ಸ್ ರದ್ದಾಯಿತು" ಅಂದರೆ ರದ್ದಾಗುತ್ತದೆಯೇ?

ಇಲ್ಲ. ಬಂದೂಕಿನ ಲೈಸನ್ಸ್ ಕೊಡುವವರು, ನವೀಕರಿಸುವವರು, ಅಮಾನತು ಅಥವಾ ರದ್ದು ಮಾಡುವವರು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಡಿಸಿ. ಪೊಲೀಸ್ ಕಮಿಷನರ್ ಇರುವ ಪ್ರದೇಶದಲ್ಲಿ ಆ ಅಧಿಕಾರ ಕಮಿಷನರದ್ದು ಎಂದು ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯೇ ಹೇಳುತ್ತದೆ. ಠಾಣೆಯವರು ವರದಿ ಕೊಡಬಹುದು, ತಹಶೀಲ್ದಾರರು ಅಭಿಪ್ರಾಯ ಬರೆಯಬಹುದು. ಇಬ್ಬರಿಗೂ ರದ್ದು ಮಾಡುವ ಅಧಿಕಾರವಿಲ್ಲ.

ಬೆಳಗಾವಿ ಸುತ್ತಲಿನವರು ಇಲ್ಲೇ ಎಡವುತ್ತಾರೆ. ಕಮಿಷನರೇಟ್ ಅಂದರೆ ಮಹಾನಗರ ಪಾಲಿಕೆಯ ಗಡಿಯಲ್ಲ. ಕಾಕತಿ, ಮಾರಿಹಾಳ, ಹಿರೇಬಾಗೇವಾಡಿ ಠಾಣೆಗಳು ಹಳ್ಳಿಗಳನ್ನು ನೋಡಿಕೊಂಡರೂ ಕಮಿಷನರೇಟಿಗೆ ಸೇರಿವೆ. ಅಲ್ಲಿನ ರೈತ ಡಿಸಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ತಿಂಗಳುಗಟ್ಟಲೆ ಟಪಾಲಿನಲ್ಲಿ ಸುತ್ತಾಡಿ ಕಡೆಗೆ ವಾಪಸ್ ಬರುತ್ತದೆ. ಅರ್ಜಿಗೆ ಮುಂಚೆ "ನಮ್ಮೂರು ಯಾವ ಠಾಣೆಗೆ, ಆ ಠಾಣೆ ಎಸ್‌ಪಿ ಕೈಕೆಳಗೋ ಕಮಿಷನರ್ ಕೈಕೆಳಗೋ" ಎಂದು ಕೇಳಿಕೊಳ್ಳಿ. ಬಾಗಲಕೋಟೆ, ವಿಜಯಪುರದಲ್ಲಿ ಈ ತಾಪತ್ರಯವಿಲ್ಲ, ಎಲ್ಲವೂ ಡಿಸಿ ಕಚೇರಿಗೇ ಹೋಗುತ್ತದೆ.

ಎಲ್ಲವನ್ನೂ ಬಾಯಿಮಾತಿನಲ್ಲೇ ಹೇಳುತ್ತಾರೆ. ಏನು ಮಾಡಬೇಕು?

ಬರವಣಿಗೆಯಲ್ಲಿ ಕೇಳಿ. ಈ ಪುಟದ ಮುಕ್ಕಾಲು ಪಾಲು ತೊಂದರೆಗಳ ಬೇರು ಇಲ್ಲೇ ಇದೆ. "ಹೊಸ ಲೈಸನ್ಸ್ ಬಂದ್ ಆಗ್ಯಾವ", "ಮೇಲಿನಿಂದ ಆರ್ಡರ್ ಬಂದದ" ಎಂದು ಕಾರಕೂನರು ಹೇಳಿದ್ದು ಆದೇಶವಲ್ಲ. ಆದೇಶವಿಲ್ಲದಿದ್ದರೆ ಮೇಲ್ಮನವಿಯೂ ಇಲ್ಲ. ಅಧಿಕಾರಿ ಬಾಯಲ್ಲಿ ಹೇಳಿ ಬಿಡುವುದರಿಂದ ನಿಮ್ಮ ಕಾನೂನಿನ ದಾರಿಯೇ ಮುಚ್ಚಿಹೋಗುತ್ತದೆ.

ಕಾಯ್ದೆಯ 14(3)ನೇ ಕಲಂ ಪ್ರಕಾರ ಲೈಸನ್ಸ್ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಅರ್ಜಿದಾರ ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂದು ಅಧಿಕಾರಿಗೆ ಅನ್ನಿಸಿದರೆ ಮಾತ್ರ ಕಾರಣ ಕೊಡದೆ ಇರಬಹುದು. ಅಮಾನತು, ರದ್ದತಿಗೆ 17(5)ನೇ ಕಲಮಿನಲ್ಲಿ ಇದೇ ಮಾತಿದೆ. ನವೀಕರಣಕ್ಕೂ 13 ಮತ್ತು 14ನೇ ಕಲಂಗಳೇ ಅನ್ವಯಿಸುತ್ತವೆ ಎಂದು 15ನೇ ಕಲಂ ಹೇಳುತ್ತದೆ.

ಮಾಡಬೇಕಾದ ಕೆಲಸ ಸಣ್ಣದು. ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆಯಿರಿ: "ದಿನಾಂಕ ಇಂಥದ್ದರಂದು ನವೀಕರಣಕ್ಕೆ ಅರ್ಜಿ ಸಲ್ಲಿಸಿರುತ್ತೇನೆ. ಈವರೆಗೆ ಆದೇಶವಾಗಿರುವುದಿಲ್ಲ. ಅರ್ಜಿಯನ್ನು ಇತ್ಯರ್ಥಪಡಿಸಿ, ನಿರಾಕರಿಸುವುದಾದಲ್ಲಿ ಕಲಂ 14(3)ರಂತೆ ಕಾರಣಸಹಿತ ಹಿಂಬರಹ ನೀಡಲು ಕೋರುತ್ತೇನೆ." ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿದ ಕೂಡಲೇ ಎಷ್ಟೋ "ಮೇಲಿನ ಆರ್ಡರ್"ಗಳು ಮಾಯವಾಗುತ್ತವೆ.

ಚುನಾವಣೆ ಬಂತೆಂದರೆ ಎಲ್ಲರೂ ಬಂದೂಕು ಠಾಣೆಗೆ ತಂದು ಇಡಬೇಕು ಎನ್ನುತ್ತಾರೆ. ಇದು ಕಾನೂನೇ?

ಎಲ್ಲರೂ ಇಡಬೇಕು ಎಂಬುದು ಕಾನೂನಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಭಾರತ ಚುನಾವಣಾ ಆಯೋಗ ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ ಹೊರಡಿಸಿದ ಸೂಚನೆಯಂತೆ ಪ್ರತಿ ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರಬೇಕು. ಅದು ಲೈಸನ್ಸ್‌ದಾರರ ಪಟ್ಟಿ ನೋಡಿ ಮುಖ್ಯವಾಗಿ ಮೂರು ತರಹದವರನ್ನು ಗುರುತಿಸಬೇಕು: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ, ಅದರಲ್ಲೂ ಚುನಾವಣೆ ವೇಳೆ, ದೊಂಬಿಯಲ್ಲಿ ಪಾಲ್ಗೊಂಡವರು. ಅಂಥವರಿಗೆ ಹೆಸರು ಹಿಡಿದು ನೋಟಿಸು ಹೋಗಬೇಕು. ಸ್ಪರ್ಧೆಗೆ ಹೋಗುವ ರೈಫಲ್ ಕ್ರೀಡಾಪಟುಗಳಿಗೆ, ಬ್ಯಾಂಕ್ ಕಾವಲುಗಾರರಿಗೆ ವಿನಾಯಿತಿ ಇದೆ. ಸಾರಾಸಗಟಾಗಿ ಇಡಿಸಿಕೊಳ್ಳುವ ಪದ್ಧತಿಯನ್ನು 2024ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಕ್ನೋ ಪೀಠವೂ ಒಪ್ಪಲಿಲ್ಲ.

ಆದರೆ ಎರಡು ಬೇರೆ ಬೇರೆ ಆದೇಶಗಳನ್ನು ಒಂದೇ ಎಂದು ತಿಳಿಯಬೇಡಿ. ಚುನಾವಣೆ ಮುಗಿಯುವವರೆಗೆ ಆಯುಧ ಹಿಡಿದು ಓಡಾಡಬಾರದು ಎಂಬ ನಿಷೇಧಾಜ್ಞೆ (ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯ 144, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಲಂ 163) ಎಲ್ಲರಿಗೂ ಅನ್ವಯಿಸುತ್ತದೆ. ಅದನ್ನು ಮುರಿದರೆ ತಪ್ಪು ನಿಮ್ಮದೇ. ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಹೊತ್ತು ತಿರುಗುವುದಕ್ಕೂ ವ್ಯತ್ಯಾಸವಿದೆ. ಠಾಣೆಯವರು ಎಷ್ಟೋ ಸಲ ಹೊತ್ತು ತಿರುಗಬಾರದೆಂಬ ಆದೇಶ ತೋರಿಸಿ ಬಂದೂಕನ್ನೇ ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರೆ.

ಕರೆ ಬಂದರೆ "ನನ್ನ ಹೆಸರಿನ ನೋಟಿಸು ಕೊಡಿರಿ, ಬರುತ್ತೇನೆ" ಅನ್ನಿ. ನೋಟಿಸು ಬಂದರೆ ಗಡುವಿನೊಳಗೆ ಇಟ್ಟುಬಿಡಿ. ಬೆಳೆ ಕಾಯುವ ಬಂದೂಕಾಗಿದ್ದು ಕಬ್ಬು, ಗೋವಿನಜೋಳ ಹೊಲದಲ್ಲೇ ನಿಂತಿದ್ದರೆ, ಚುನಾವಣೆ ಘೋಷಣೆಯಾದ ವಾರದೊಳಗೆ ಸಮಿತಿಗೆ ವಿನಾಯಿತಿ ಅರ್ಜಿ ಹಾಕಿ. ಅದರ ಜೊತೆ ಉತಾರ (ಪಹಣಿ), ಈ ವರ್ಷದ ಬೆಳೆಯ ನಮೂದು, ಹಿಂದೆ ಅರಣ್ಯ ಇಲಾಖೆಯಿಂದ ಬೆಳೆಹಾನಿ ಪರಿಹಾರ ಪಡೆದಿದ್ದರೆ ಅದರ ಪ್ರತಿ ಇರಲಿ. ನಿಮ್ಮ ಮೇಲೆ ಯಾವ ಪ್ರಕರಣವೂ ಇಲ್ಲ ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಸಮಿತಿ ಮೊದಲು ನೋಡುವುದು ಅದನ್ನೇ.

ಠಾಣೆಯಲ್ಲಿ ಇಟ್ಟ ಬಂದೂಕು ತುಕ್ಕು ಹಿಡಿದು, ಕಟ್ಟಿಗೆ ಸೀಳಿ ವಾಪಸ್ ಬರುತ್ತದೆ. ತಡೆಯುವುದು ಹೇಗೆ?

ಮೊದಲು ಬಂದೂಕು ಖಾಲಿ ಇದೆಯೇ ನೋಡಿ. ಕೇಪಿನ ಬಂದೂಕಿನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಬಾಯಿ ಮುಖದ ಮುಂದೆ ಬಾರದಂತೆ ಹಿಡಿದು ಗಜವನ್ನು (ಮದ್ದು ಜಡಿಯುವ ಕಡ್ಡಿ) ನಳಿಕೆಯೊಳಗೆ ಬಿಡಿ, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಗುರುತು ಮಾಡಿ, ಹೊರತೆಗೆದು ನಳಿಕೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ಕೇಪು ಕೂರಿಸುವ ನಿಪ್ಪಲ್ ಇರುವ ಜಾಗದ ಹತ್ತಿರಕ್ಕೆ ಬರಬೇಕು. ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಮದ್ದು ಇದೆ. ಅದನ್ನು ಠಾಣೆಗೆ ಒಯ್ಯುವುದು ಅಪಾಯ, ಆರ್ಮರರ್ (ಬಂದೂಕು ದುರಸ್ತಿಗಾರ) ಹತ್ತಿರ ಖಾಲಿ ಮಾಡಿಸಿ.

ಆಮೇಲೆ ನಳಿಕೆ ಒರೆಸಿ, ಒಳಗೂ ಹೊರಗೂ ತೆಳುವಾಗಿ ಎಣ್ಣೆ ಹಚ್ಚಿ. ಚರ್ಮದ ಅಥವಾ ರೆಕ್ಸಿನ್ ಚೀಲದಲ್ಲಿ ಇಟ್ಟು ಕೊಡಬೇಡಿ. ಮಳೆಗಾಲದ ತೇವ ಅದರಲ್ಲೇ ಕೂತು ನಳಿಕೆ ತಿನ್ನುತ್ತದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆ ಸುತ್ತಿದರೆ ಸಾಕು. ನಂಬರು, ನಳಿಕೆ, ಕುದುರೆ, ಕಟ್ಟಿಗೆಯ ಫೋಟೋ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ "ಒಂದು ಬಂದೂಕು" ಎಂದಷ್ಟೇ ಬರೆದರೆ ಒಪ್ಪಬೇಡಿ. ತಯಾರಕರ ಹೆಸರು, ನಂಬರು, ಬೋರ್ (ನಳಿಕೆಯ ಒಳ ಅಳತೆ), ತೋಟಾ ಎಷ್ಟು, ಡಬಲ್ ಬ್ಯಾರಲ್ ಆದರೆ ನಳಿಕೆ, ಮುಂಗಟ್ಟಿಗೆ, ಹಿಂಗಟ್ಟಿಗೆ ಮೂರೂ ಇವೆ ಎಂಬುದು, ಕೇಪಿನದಾದರೆ ಗಜ ಇದೆ ಎಂಬುದು, ಕೊನೆಗೆ ಸ್ಥಿತಿ, ಇಷ್ಟೂ ಇರಬೇಕು.

ಚುನಾವಣೆಗೆ ಇಟ್ಟದ್ದನ್ನು ಫಲಿತಾಂಶ ಬಂದು ಒಂದು ವಾರ ಕಳೆದ ಕೂಡಲೇ ಮರಳಿಸಬೇಕು ಎಂದು ಆಯೋಗದ ಸೂಚನೆ. ಎಂಟನೇ ದಿನಕ್ಕೆ ರಸೀದಿ ಹಿಡಿದು ಹೋಗಿ. ಬಿಡುಗಡೆಗೆ ಡಿಸಿ ಕಚೇರಿಯ ಪತ್ರ ಬೇಕು ಅಂದರೆ ಅದನ್ನೂ ಬರೆದುಕೊಡಲು ಹೇಳಿ.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಲೈಸನ್ಸ್ ಅವಧಿ ಮುಗಿದೋ ಬೇರೆ ಕಾರಣಕ್ಕೋ ಬಂದೂಕು ಇಟ್ಟುಕೊಳ್ಳುವ ಅಧಿಕಾರ ಹೋದಾಗ, 21ನೇ ಕಲಂ ಪ್ರಕಾರ ಠಾಣೆಯ ಬದಲು ಲೈಸನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೂ ಇಡಬಹುದು. ಬಾಡಿಗೆ ಬೀಳುತ್ತದೆ, ಆದರೆ ಬಂದೂಕು ಉಳಿಯುತ್ತದೆ.

ನವೀಕರಣದ ಅರ್ಜಿ ಠಾಣೆಯ ವರದಿಗಾಗಿ ಆರು ತಿಂಗಳಿಂದ ಕಾಯುತ್ತಿದೆ.

ಠಾಣೆಯ ವರದಿಗೆ ನಿಯಮಗಳಲ್ಲಿ 30 ದಿನದ ಗಡುವಿದೆ. ಆ ಗಡುವಿನಲ್ಲಿ ವರದಿ ಬರದಿದ್ದರೆ ಕಾಯದೇ ಆದೇಶ ಮಾಡಬಹುದು ಎಂದು 13(2ಎ) ಕಲಂ ಲೈಸನ್ಸ್ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ. ಮಾಡಲೇಬೇಕು ಎಂದಿಲ್ಲ, ಮಾಡಬಹುದು ಎಂದಿದೆ. ಹಾಗಾಗಿ ನಿಮ್ಮ ಪತ್ರದಲ್ಲಿ ಜಗಳ ಬೇಡ, ಆ ಕಲಂ ಉಲ್ಲೇಖಿಸಿ ಅಧಿಕಾರ ಬಳಸಲು ಕೋರಿ.

ಬಹುತೇಕ ಕಡತ ನಿಲ್ಲುವ ಜಾಗ ಠಾಣೆಯಲ್ಲ, ಠಾಣೆಯಿಂದ ಸಿಪಿಐ, ಡಿವೈಎಸ್‌ಪಿ, ಎಸ್‌ಪಿ ಕಚೇರಿ ದಾಟಿ ಡಿಸಿ ಕಚೇರಿಗೆ ಏರುವ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನ ಜಾವಕ ಸಂಖ್ಯೆ (ಕಡತ ಹೊರಗೆ ಕಳಿಸಿದಾಗ ಹಾಕುವ ನಂಬರು), ತಾರೀಖು ಕೇಳಿ ಬರೆದುಕೊಳ್ಳಿ. "ಕಳಿಸೇವಿ" ಅನ್ನುವ ಮಾತಿಗಿಂತ ಜಾವಕ ಸಂಖ್ಯೆ ಹೆಚ್ಚು ಕೆಲಸ ಮಾಡುತ್ತದೆ.

ನಿಮ್ಮ ಕಡೆಯ ಎಚ್ಚರ: 2019ರ ತಿದ್ದುಪಡಿಯ ನಂತರ ಲೈಸನ್ಸ್ ಅವಧಿ 5 ವರ್ಷ. ಮುಗಿಯುವ 60 ದಿನ ಮುಂಚೆಯೇ ಎ-3 ನಮೂನೆಯಲ್ಲಿ ಅರ್ಜಿ ಕೊಡಿ. ಅರ್ಜಿಯ ರಸೀದಿಯನ್ನೇ ಲೈಸನ್ಸ್ ಎಂದು ತಿಳಿದು ಬಂದೂಕು ಹೊತ್ತು ತಿರುಗಬೇಡಿ. ಅರ್ಜಿಯನ್ನೇ ಹಾಕದೆ ಅವಧಿ ಮೀರಿದ್ದರೆ ಬಂದೂಕು ಮೊದಲು ಠಾಣೆಗೋ ವ್ಯಾಪಾರಿಗೋ ಹೋಗಲಿ, ಆಮೇಲೆ ಅರ್ಜಿ.

ಹೊಲದ ಬದುವಿನ ಜಗಳದಲ್ಲಿ ನನ್ನ ಮೇಲೂ 107 ಹಾಕಿದ್ದಾರೆ. ಅದಕ್ಕೇ ನವೀಕರಣ ಇಲ್ಲ ಎನ್ನುತ್ತಾರೆ.

ನಮ್ಮ ಕಡೆ ಬದುವಿನ ಜಗಳ, ಜಾತ್ರೆಯ ತಕರಾರು ಏನೇ ಆದರೂ ಎರಡೂ ಕಡೆಯವರ ಮೇಲೆ 107, ಅಂದರೆ ಶಾಂತಿಭಂಗ ತಡೆಯುವ ಮುನ್ನೆಚ್ಚರಿಕೆ ಪ್ರಕರಣ, ಹಾಕುವುದು ರೂಢಿ. ಈಗ ಅದು ಬಿಎನ್‌ಎಸ್‌ಎಸ್ ಕಲಂ 126. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಇಂಥವರಿಗೆ ಹಾಕುವ ನಿಷೇಧ ಸೀಮಿತವಾದದ್ದು. ಶಾಂತಿ ಕಾಪಾಡಲು ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶವಾಗಿದ್ದರೆ, ಆ ಮುಚ್ಚಳಿಕೆಯ ಅವಧಿ ಇರುವವರೆಗೆ ಮಾತ್ರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬರೀ ನೋಟಿಸು ಬಂದಿದೆ, ವಿಚಾರಣೆ ನಡೆದಿದೆ, ಅಥವಾ ಮುಚ್ಚಳಿಕೆಯ ಅವಧಿ ಮುಗಿದಿದೆ ಎಂದರೆ ಆ ನಿಷೇಧ ಅನ್ವಯಿಸುವುದಿಲ್ಲ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಜೈಲು ಶಿಕ್ಷೆಯಾದವರಿಗೆ ಮಾತ್ರ ಶಿಕ್ಷೆ ಮುಗಿದ ಮೇಲೂ 5 ವರ್ಷ ನಿಷೇಧವಿದೆ.

ಹಾಗೆಂದು ಡಿಸಿ ಕೈ ಕಟ್ಟಿಹೋಗಿಲ್ಲ. ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯ ಎಂದು ಕಂಡರೆ 14 ಮತ್ತು 17ನೇ ಕಲಂಗಳಲ್ಲಿ ನಿರಾಕರಿಸಬಹುದು, ಅಮಾನತು ಮಾಡಬಹುದು. ಆದರೆ ಯಾಕೆ ಅಗತ್ಯ ಎಂಬುದು ಆದೇಶದಲ್ಲಿ ಕಾಣಬೇಕು. "ಪ್ರಕರಣ ಬಾಕಿ ಇದೆ" ಎಂಬ ಒಂದೇ ಸಾಲಿನ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ತಾಲ್ಲೂಕು ದಂಡಾಧಿಕಾರಿಯ ನ್ಯಾಯಾಲಯದಿಂದ 107ರ ಅಂತಿಮ ಆದೇಶದ ದೃಢೀಕೃತ ನಕಲು ತೆಗೆಸಿ ಅರ್ಜಿಗೆ ಲಗತ್ತಿಸಿ. ಠಾಣೆಯ ವರದಿಯಲ್ಲಿ ಮುಗಿದ ಪ್ರಕರಣವೂ "ಬಾಕಿ" ಎಂದೇ ಉಳಿದುಕೊಂಡಿರುತ್ತದೆ.

"ಹತ್ತು ಎಕರೆ ಇಲ್ಲದವನಿಗೆ ಬಂದೂಕು ಯಾಕೆ" ಎಂದು ಅರ್ಜಿ ತಿರಸ್ಕರಿಸಿದರು.

ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂದು 14(2)ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಬೆಳೆ ರಕ್ಷಣೆಗೆ ಕೇಪಿನ ಬಂದೂಕು, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನುಣುಪು ನಳಿಕೆ ಬಂದೂಕು ಕೇಳಿದರೆ, 14ನೇ ಕಲಮಿನ ಅಡ್ಡಿ ಇಲ್ಲದ ಪಕ್ಷದಲ್ಲಿ ಕೊಡತಕ್ಕದ್ದು ಎಂದು 13(3)(ಎ) ಹೇಳುತ್ತದೆ. ಪಿಸ್ತೂಲು, ರಿವಾಲ್ವರ್ ಕೇಳುವವರು ಮಾತ್ರ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಕೇಪಿನ ಬಂದೂಕು ಕೇಳುವ ರೈತನನ್ನು "ನಿನಗೆ ಯಾರಿಂದ ಜೀವ ಬೆದರಿಕೆ?" ಎಂದು ಕೇಳುವುದು ತಪ್ಪು ಕಲಮಿನ ಪ್ರಶ್ನೆ.

ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ ಎಲ್ಲರಿಗೂ ಬೇಕೇ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಹೇಳುವುದು ಅಭಯಾರಣ್ಯದಿಂದ 10 ಕಿ.ಮೀ. ಒಳಗಿನವರ ಬಗ್ಗೆ. ಅಲ್ಲಿ ಹೊಸ ಲೈಸನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕು, ಇದ್ದ ಬಂದೂಕನ್ನು ನೋಂದಾಯಿಸಬೇಕು. ನಮ್ಮಲ್ಲಿ ಖಾನಾಪುರದ ಭೀಮಗಡ, ಗೋಕಾಕ ಬಳಿಯ ಘಟಪ್ರಭಾ ಪಕ್ಷಿಧಾಮ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯಗಳ ಸುತ್ತಲಿನ ಹಳ್ಳಿಗಳು ಇದರಲ್ಲಿ ಬರುತ್ತವೆ. ಇಂಡಿ, ಸಿಂದಗಿ ಕಡೆಯವರಿಗೆ ಈ ಪತ್ರ ಕೇಳಿದರೆ, ಯಾವ ಅಭಯಾರಣ್ಯದಿಂದ ಎಷ್ಟು ದೂರ ಎಂದು ಬರೆದುಕೊಡಲು ಹೇಳಿ.

ಇದರ ಇನ್ನೊಂದು ಮುಖವೂ ಇದೆ. ಬೆಳೆ ರಕ್ಷಣೆ ಲೈಸನ್ಸ್ ಎಂದರೆ ಕಾಡುಹಂದಿ ಹೊಡೆಯುವ ಪರವಾನಗಿಯಲ್ಲ. ಹೆದರಿಸಲು ಗಾಳಿಯಲ್ಲಿ ಸಿಡಿಸಬಹುದು. ಕೊಲ್ಲಲು ವನ್ಯಜೀವಿ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕು. ಇಲ್ಲಿ ಅರಣ್ಯದವರು ಪ್ರಕರಣ ಹಾಕಿದರೆ ಕಾನೂನು ತಪ್ಪಾಗಿ ಅನ್ವಯಿಸಿದರು ಎನ್ನಲಾಗದು.

ಅಪ್ಪನಿಗೆ 74 ವರ್ಷ. ಬಂದೂಕು ನನ್ನ ಹೆಸರಿಗೆ ಆಗಬೇಕಾದರೆ ಅವರು ತೀರಿಕೊಳ್ಳಬೇಕೇ?

ಅಷ್ಟು ಕಾಯಬೇಕಿಲ್ಲ. 2016ರ ನಿಯಮ 25ರ ಪ್ರಕಾರ ಲೈಸನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು 25 ವರ್ಷ ಅವರ ಹತ್ತಿರ ಇದ್ದರೆ, ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಲೈಸನ್ಸ್ ಕೊಡಬಹುದು. "ಮರಣ ಪ್ರಮಾಣಪತ್ರ ತನ್ನಿ" ಎಂದು ತಿರುಗಿ ಕಳಿಸಿದ ಉದಾಹರಣೆಗಳಿವೆ. ಎ-1 ಅರ್ಜಿಯ ಮೇಲೇ "ನಿಯಮ 25ರ ಅಡಿ" ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ವಂಶಾವಳಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಮೊದಲೇ ಸಿದ್ಧವಿರಲಿ. ಅಣ್ಣತಮ್ಮಂದಿರ ಸಹಿಯ ಹತ್ತಿರವೇ ಎಷ್ಟೋ ಕಡತಗಳು ನಿಲ್ಲುತ್ತವೆ, ಅದಕ್ಕೆ ಯಾವ ಅಧಿಕಾರಿಯೂ ಕಾರಣರಲ್ಲ.

ತೀರಿಕೊಂಡಿದ್ದರೆ ಬಂದೂಕನ್ನು ಅಟ್ಟದ ಮೇಲೆ ಇಡಬೇಡಿ. ಅಂದಿನಿಂದ ಅದು ಲೈಸನ್ಸ್ ಇಲ್ಲದ ಬಂದೂಕು. ತಡಮಾಡದೆ ಠೇವಣಿ ಇಟ್ಟರೆ, ಲೈಸನ್ಸ್ ಆದ ಮೇಲೆ ವಾಪಸ್ ಪಡೆಯುವ ಅಥವಾ ಅರ್ಹರಿಗೆ ಮಾರುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ.

ಅಪ್ಪನ ಬಂದೂಕನ್ನು ತಪಾಸಣೆಗೆ ನಾನು ಒಯ್ಯುವಾಗ ಹಿಡಿದರು.

3(1)ನೇ ಕಲಮಿನ ಪರಂತುಕ (ವಿನಾಯಿತಿ ಹೇಳುವ ಭಾಗ) ಓದಿ ಹೇಳಿ. ದುರಸ್ತಿಗೆ, ಲೈಸನ್ಸ್ ನವೀಕರಣಕ್ಕೆ, ಅಥವಾ ಲೈಸನ್ಸ್‌ದಾರರ ಬಳಕೆಗೆಂದು, ಅವರ ಎದುರಿನಲ್ಲಿ ಅಥವಾ ಅವರ ಲಿಖಿತ ಅಧಿಕಾರ ಪತ್ರದೊಂದಿಗೆ ಇನ್ನೊಬ್ಬರು ಬಂದೂಕು ಒಯ್ಯಬಹುದು. ಪತ್ರದಲ್ಲಿ ಬಂದೂಕಿನ ನಂಬರು, ಲೈಸನ್ಸ್ ನಂಬರು, ಯಾವ ದಿನ, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ಬರೆದು ಅಪ್ಪನ ಸಹಿ ಮಾಡಿಸಿ. ಮೂಲ ಲೈಸನ್ಸ್ ಜೊತೆಗಿರಲಿ. ಬಂದೂಕು ಖಾಲಿ ಇರಲಿ, ತೋಟಾ ಮನೆಯಲ್ಲೇ ಇರಲಿ. ಪತ್ರ ಇಲ್ಲದೆ ಹೋಗಿದ್ದರೆ ಹಿಡಿದವರದೇನೂ ತಪ್ಪಿಲ್ಲ.

ಮೂರು ಬಂದೂಕು ಇದ್ದವರು?

2019ರ ಡಿಸೆಂಬರ್ 14ರಿಂದ ಒಬ್ಬರಿಗೆ ಎರಡೇ. ಹೆಚ್ಚಿನದನ್ನು ಒಂದು ವರ್ಷದೊಳಗೆ ಠೇವಣಿ ಇಡಬೇಕಿತ್ತು. ವಂಶಪಾರಂಪರ್ಯದ್ದಕ್ಕೂ ಇದೇ ಮಿತಿ. ಇನ್ನೂ ಇಟ್ಟುಕೊಂಡಿದ್ದರೆ ವಾದ ಬೇಡ. ಆದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಎರಡು, ತಮ್ಮನಿಗೆ ಒಂದು ಇದ್ದರೆ ಅದನ್ನು ಮೂರು ಎಂದು ಎಣಿಸುವುದು ತಪ್ಪು. ಮಿತಿ ವ್ಯಕ್ತಿಗೆ, ಮನೆಗಲ್ಲ.

ಏರ್‌ಗನ್ ಕಿತ್ತುಕೊಂಡು ಹೋದರು.

ಬೋರ್ 0.177 ಇಂಚು (4.5 ಮಿ.ಮೀ.) ಮೀರದ, ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸನ್ಸ್ ಬೇಡ. ಖರೀದಿ ಬಿಲ್ಲು, ತಯಾರಕರು ಶಕ್ತಿ ನಮೂದಿಸಿದ ಚೀಟಿ ಇಟ್ಟುಕೊಳ್ಳಿ. 0.22ರ ಏರ್ ರೈಫಲ್ ಬೇರೆ ಮಾತು, ಅದಕ್ಕೆ ಲೈಸನ್ಸ್ ಬೇಕು. ಅದರಿಂದ ಹಕ್ಕಿ ಹೊಡೆದರೆ ಅರಣ್ಯ ಪ್ರಕರಣ ಬೇರೆ.

ಸಾಂಗಲಿ, ಸೋಲಾಪುರಕ್ಕೆ ಬಂದೂಕು ಒಯ್ಯಬಹುದೇ?

ಲೈಸನ್ಸಿನಲ್ಲಿ ವ್ಯಾಪ್ತಿ ಏನೆಂದು ಬರೆದಿದೆ ನೋಡಿ. ಜಿಲ್ಲೆ ಎಂದಿದ್ದರೆ ಜಿಲ್ಲೆ, ಕರ್ನಾಟಕ ಎಂದಿದ್ದರೆ ಕರ್ನಾಟಕ. ಅಥಣಿ, ಚಿಕ್ಕೋಡಿ, ಇಂಡಿ ಭಾಗದಲ್ಲಿ ಹೊಲ ಈಚೆ, ಬೀಗರ ಮನೆ ಆಚೆ. ರಸ್ತೆ ಎರಡು ಸಲ ಗಡಿ ದಾಟಿ ಬರುತ್ತದೆ. ಆಚೆಯ ಪೊಲೀಸರು ಹಿಡಿದರೆ ಅದು ಷರತ್ತಿನ ಉಲ್ಲಂಘನೆಯೇ. ಊರು ಬಿಟ್ಟು ವಾಸ ಬದಲಿಸಿದರೆ 30 ದಿನದೊಳಗೆ ಹೊಸ ಜಾಗದ ಪ್ರಾಧಿಕಾರಕ್ಕೆ ತಿಳಿಸಿ.

ಲೈಸನ್ಸಿನಲ್ಲಿ ಇನ್ನೂ "ಬಿಜಾಪುರ ಜಿಲ್ಲೆ" ಎಂದಿದೆ. ಅಮಾನ್ಯ ಎಂದರು.

ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ವಿಜಯಪುರವಾದದ್ದು, ಬೆಳಗಾಂ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು. ಹೆಸರು ಬದಲಾದ ಮಾತ್ರಕ್ಕೆ ಲೈಸನ್ಸ್ ಸಾಯುವುದಿಲ್ಲ. ನಿಜವಾದ ಅಡಚಣೆ ಬೇರೆ: ಬಾಗಲಕೋಟೆಯವರ ಹಳೆಯ ಕಡತ ವಿಜಯಪುರದಲ್ಲೇ ಉಳಿದಿರಬಹುದು, ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆಯೇ ಬಂದಿರಲಿಕ್ಕಿಲ್ಲ. ಆ ಸಂಖ್ಯೆ ಇಲ್ಲದ ಲೈಸನ್ಸ್ ಮಾತ್ರ ನಿಜಕ್ಕೂ ತೊಂದರೆಯದು. ಹಳೆಯ ಪುಸ್ತಕದ ಎಲ್ಲ ನವೀಕರಣ ಪುಟಗಳ ನಕಲು ಕೊಟ್ಟು ಎರಡೂ ಕಚೇರಿಗೆ ಬರೆಯಿರಿ.

ಬಂದೂಕನ್ನು ಜಪ್ತಿ ಮಾಡಿದ್ದಾರೆ, ರಸೀದಿ ಇಲ್ಲ.

ಜಪ್ತಿ ಎಂದರೆ ಪಂಚನಾಮೆ ಇರಬೇಕು. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಕಲಂ 105ರಂತೆ ಶೋಧ, ಜಪ್ತಿಯ ಧ್ವನಿ-ದೃಶ್ಯ ಮುದ್ರಣವೂ ಆಗಬೇಕು, ಕಲಂ 106ರಂತೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. ಪಂಚನಾಮೆಯ ಪ್ರತಿ ಬರವಣಿಗೆಯಲ್ಲಿ ಕೇಳಿ. ಅಂದೇ ಎಸ್‌ಪಿ ಅಥವಾ ಕಮಿಷನರಿಗೆ ಅಂಚೆಯಲ್ಲಿ ತಿಳಿಸಿ. ಬಂದೂಕು ಬಿಡಿಸಲು ಕಲಂ 503ರಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ. ವಕೀಲರಿಗೆ ಇದು ಹಳೆಯ 457 ಎಂದರೆ ತಕ್ಷಣ ತಿಳಿಯುತ್ತದೆ. ಲೈಸನ್ಸ್ ಜೀವಂತ ಇಲ್ಲದಿದ್ದರೆ ಆ ಅರ್ಜಿ ಹಾಕಿ ಫಲವಿಲ್ಲ.

ಕಡತ ಎಲ್ಲಿದೆ ಎಂದೇ ಹೇಳುವುದಿಲ್ಲ.

ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ಎರಡು ಪುಟ ಬೈಗುಳ ಬರೆದವರ ಅರ್ಜಿ ಅಲ್ಲೇ ಬೀಳುತ್ತದೆ. "ಯಾಕೆ ತಡವಾಯಿತು" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳು, ಠಾಣೆಯ ವರದಿಯ ದೃಢೀಕೃತ ನಕಲು" ಎಂದು ಕೇಳಿ.

ಆದೇಶ ಬಂತು, ವಿರುದ್ಧವಾಗಿದೆ. ಎಲ್ಲಿಗೆ ಹೋಗಬೇಕು?

ಆದೇಶ ಕೈಗೆ ಬಂದ 30 ದಿನದೊಳಗೆ 18ನೇ ಕಲಮಿನ ಮೇಲ್ಮನವಿ. ಡಿಸಿ ಆದೇಶಕ್ಕೆ ಬೆಳಗಾವಿಯಲ್ಲಿರುವ ಪ್ರಾದೇಶಿಕ ಆಯುಕ್ತರು, ಮೂರೂ ಜಿಲ್ಲೆಗೆ ಅವರೇ. ಪೊಲೀಸ್ ಕಮಿಷನರ್ ಆದೇಶಕ್ಕೆ ರಾಜ್ಯ ಸರ್ಕಾರ. ಆದೇಶದ ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖಿನಿಂದಲೇ 30 ದಿನದ ಲೆಕ್ಕ ಸಾಬೀತಾಗುವುದು. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೋರಬಹುದು.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. 18(6)ನೇ ಕಲಂ ಪ್ರಕಾರ ಬೇರೆ ನಿರ್ದೇಶನವಿಲ್ಲದಿದ್ದರೆ ಅದು ಜಾರಿಯಲ್ಲೇ ಇರುತ್ತದೆ. ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿ ಜೊತೆಯಲ್ಲೇ ಕೊಡಿ, ತಡೆ ಸಿಗುವವರೆಗೆ ಬಂದೂಕನ್ನು ಠೇವಣಿ ಇಡಿ. ರದ್ದಾದ ಲೈಸನ್ಸಿನ ಬಂದೂಕು ಮನೆಯಲ್ಲಿ ಸಿಕ್ಕರೆ ಮೇಲ್ಮನವಿಯ ಕಥೆ ಅಲ್ಲಿಗೆ ಮುಗಿಯಿತು.

ಆದೇಶವನ್ನೇ ಮಾಡದೆ ವರ್ಷಗಟ್ಟಲೆ ಕೂತಿದ್ದರೆ ಮೇಲ್ಮನವಿಗೆ ವಿಷಯವೇ ಇಲ್ಲ. ಆಗ ಅರ್ಜಿ ಇತ್ಯರ್ಥಪಡಿಸಲು ನಿರ್ದೇಶನ ಕೋರಿ ಹೈಕೋರ್ಟಿಗೆ ರಿಟ್. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಿಜಯಪುರದವರ ಮೇಲ್ಮನವಿ ಬೆಳಗಾವಿಗೆ, ರಿಟ್ ಮಾತ್ರ ಕಲಬುರಗಿಗೆ. ಇದನ್ನು ಬೆರೆಸಿಕೊಂಡು ಧಾರವಾಡದಲ್ಲಿ ವಕಾಲತ್ತು ಬರೆಸಿ ಬಂದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ರಿಟ್ ಜೊತೆಗೆ ಸೀಲು ಬಿದ್ದ ಟಪಾಲು ಪ್ರತಿಗಳು, ಅಂಚೆ ಸ್ವೀಕೃತಿಗಳು, ಜಾವಕ ಸಂಖ್ಯೆಗಳ ಪಟ್ಟಿ ತಾರೀಖಿನ ಕ್ರಮದಲ್ಲಿ ಹೋಗಬೇಕು.